ಜೈಲನ್ನು ಖಾಸಗಿಯವರಿಗೆ ಕೊಟ್ಟರೆ ಕೈದಿ ಸುಧಾರಿಸುತ್ತಾನೆಯೇ? ಒಪ್ಪಂದದ ಒಳಗುಟ್ಟು ಬಲ್ಲವರು ತಿಳಿಸಿ

ಓದುಬಳಗ, ಬದಿಯಡ್ಕ

ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಗ್ರಂಥಾಲಯದಲ್ಲಿ ‘ಜೈಲುಗಳನ್ನು ಖಾಸಗಿಯವರಿಗೆ ವಹಿಸಬೇಕೇ’ ಎಂಬ ಚರ್ಚೆ ಇಟ್ಟಿದ್ದಾರೆ. ಪರವಾಗಿ ಮಾತಾಡುವವರು ಸರ್ಕಾರಿ ಜೈಲು ತುಂಬಿ ತುಳುಕುತ್ತಿದೆ, ಕಂಪೆನಿಗೆ ಕೊಟ್ಟರೆ ಖರ್ಚೂ ಇಳಿಯುತ್ತದೆ, ಕೈದಿಗೆ ಕಸುಬೂ ಸಿಗುತ್ತದೆ ಎನ್ನುತ್ತಾರೆ. ವಿರೋಧಿಸುವವರು ಅಮೆರಿಕದ ಹೆಸರು ಹೇಳಿ ಸುಮ್ಮನಾಗುತ್ತಾರೆ. ಎರಡೂ ಕಡೆಯವರ ಕೈಯಲ್ಲಿ ವಿವರ ಇಲ್ಲ.

ನನಗೆ ಬೇಕಾದ್ದು ಇಷ್ಟು. ಖಾಸಗಿ ಜೈಲಿನ ಒಪ್ಪಂದದಲ್ಲಿ ಹಣ ಯಾವ ಲೆಕ್ಕದ ಮೇಲೆ ಹೋಗುತ್ತದೆ? ಬಿಡುಗಡೆಯಾದವರು ಮತ್ತೆ ಅಪರಾಧಕ್ಕೆ ಇಳಿಯುವುದನ್ನು ಯಾರು ನಿಜವಾಗಿ ಕಡಿಮೆ ಮಾಡಿದ್ದಾರೆ? ಕೊನೆಯದಾಗಿ, ಕೇರಳದ ಹೊಸದುರ್ಗ, ಚೀಮೇನಿ, ಕಣ್ಣೂರು ಜೈಲುಗಳಲ್ಲಿ, ಗಡಿ ದಾಟಿದರೆ ಮಂಗಳೂರಿನಲ್ಲಿ ಇರುವ ನಮ್ಮ ಕಡೆಯ ಕನ್ನಡದವರಿಗೆ ಇದರಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ? ತಿಳಿದವರು ಬಿಡಿಸಿ ಹೇಳಿದರೆ ಉಪಕಾರ.

ಪಯಸ್ವಿನಿ

ಮೊದಲಿಗೆ, ಭಾರತದಲ್ಲಿ ಖಾಸಗಿ ಜೈಲು ಎಂಬುದೇ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 4ನೇ ಬಾಬತ್ತು ಜೈಲು. ಕೇರಳದಲ್ಲಿ ಅದನ್ನು 2010ರ ಕಾಯ್ದೆ ಮತ್ತು 2014ರ ನಿಯಮಗಳ ಪ್ರಕಾರ ನಡೆಸುತ್ತಾರೆ. ಆದ್ದರಿಂದ ನಿಮ್ಮ ಚರ್ಚೆಗೆ ಆಧಾರ ಹೊರದೇಶದ ಅನುಭವವೇ.

‘ಖಾಸಗಿ’ ಎಂದಾಗ ಯಾವ ಬಗೆಯದು ಎಂದು ಕೇಳಬೇಕು. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಕೆಲವು ಜೈಲುಗಳ ಕಾವಲೂ ಸೇರಿ ಇಡೀ ಆಡಳಿತ ಕಂಪೆನಿಯ ಕೈಯಲ್ಲಿದೆ. ಫ್ರಾನ್ಸಿನಲ್ಲಿ ಊಟ, ರಿಪೇರಿ, ಕಾರ್ಯಾಗಾರ ಕಂಪೆನಿಯದು. ಕಾವಲು ಮತ್ತು ದಾಖಲೆ ಸರ್ಕಾರದ್ದು. ಜಪಾನಿನ ಯಾಮಾಗುಚಿ ಪ್ರಾಂತದ ಮಿನೆಯಲ್ಲಿ 2007ರಲ್ಲಿ ತೆರೆದದ್ದೂ ಇದೇ ಜಾಡಿನದು: ಬಲಪ್ರಯೋಗದ ಅಧಿಕಾರ ಸರ್ಕಾರಿ ನೌಕರನಿಗೆ ಮಾತ್ರ. ಈ ಎರಡು ಬಗೆಗಳನ್ನು ಬೆರೆಸಿ ಮಾತಾಡಿದರೆ ಚರ್ಚೆ ದಾರಿ ತಪ್ಪುತ್ತದೆ.

ಪೂರ್ತಿ ಖಾಸಗಿ ಜೈಲಿನಲ್ಲಿ ಸಾಮಾನ್ಯವಾಗಿ ಹಣ ಕೊಡುವುದು ತಲೆಗೆ ದಿನಕ್ಕೆ ಇಷ್ಟು ಎಂದು. ಬೇಡಿಕೆ ಇಳಿದರೆ ನಷ್ಟ ಆಗಬಾರದೆಂದು ಕಂಪೆನಿ ಕನಿಷ್ಠ ಭರ್ತಿಯ ಷರತ್ತು ಹಾಕಿಸುತ್ತದೆ. 2013ರಲ್ಲಿ ಅಮೆರಿಕದ ಒಂದು ಸಾರ್ವಜನಿಕ ಹಿತಾಸಕ್ತಿ ಸಂಸ್ಥೆ ಒಪ್ಪಂದಗಳನ್ನು ತರಿಸಿ ನೋಡಿದಾಗ ಸುಮಾರು ಶೇ. 65ರಷ್ಟರಲ್ಲಿ ಶೇ. 80ರಿಂದ 100ರವರೆಗೆ ಭರ್ತಿಯ ಖಾತರಿ ಇತ್ತು. ಅರಿಜೋನಾದ ಮೂರು ಜೈಲುಗಳಿಗೆ ನೂರಕ್ಕೆ ನೂರು.

ಇದರ ಅರ್ಥ ಏನೆಂದು ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಿ. 1,000 ಮಂಚದ ಜೈಲು, ತಲೆಗೆ ದಿನಕ್ಕೆ ₹600, ಖಾತರಿ ಶೇ. 90. ಒಳಗೆ 700 ಜನ ಮಾತ್ರ ಇದ್ದರೂ ಸರ್ಕಾರ 900 ಜನರ ಹಣ ಕಟ್ಟಬೇಕು. ಖಾಲಿ ಬಿದ್ದ 200 ಮಂಚಕ್ಕೆ ವರ್ಷಕ್ಕೆ ₹4.38 ಕೋಟಿ. ಜಾಮೀನು ಸಲೀಸು ಮಾಡಿ, ಪ್ರೊಬೇಷನ್ (ಜೈಲಿನ ಬದಲು ಸನ್ನಡತೆಯ ನಿಗಾದಲ್ಲಿ ಹೊರಗೆ ಬಿಡುವುದು) ಹೆಚ್ಚಿಸಿ ಕೈದಿಗಳ ಸಂಖ್ಯೆ ಇಳಿಸಿದ ಸರ್ಕಾರಕ್ಕೆ ಸಿಗುವ ಬಹುಮಾನ ಇದು! ಸುಧಾರಣೆಗೆ ಅಡ್ಡಿಯಾಗುವುದು ಗೋಡೆಯ ಮೇಲಿನ ಫಲಕವಲ್ಲ, ಈ ಲೆಕ್ಕಪತ್ರ.

ಉಳಿತಾಯ ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಿ. ಜೈಲಿನ ಖರ್ಚಿನಲ್ಲಿ ದೊಡ್ಡ ಪಾಲು ಸಿಬ್ಬಂದಿಯ ಸಂಬಳ. ಕಂಪೆನಿ ಕತ್ತರಿಸುವುದೂ ಅಲ್ಲೇ: ಸಂಬಳ ಕಡಿಮೆ, ತರಬೇತಿ ಕಡಿಮೆ, ಹುದ್ದೆ ಖಾಲಿ. ಐಡಾಹೋ ರಾಜ್ಯದಲ್ಲಿ 2012ರಲ್ಲಿ ಕಾವಲುಗಾರರೇ ಇಲ್ಲದ ಸುಮಾರು 4,800 ಗಂಟೆಗಳ ಪಾಳಿಗೆ ಆಳು ಇದ್ದರೆಂದು ದಾಖಲೆ ಬರೆದದ್ದು ಬಯಲಾಯಿತು. 2014ರಲ್ಲಿ ಆ ಜೈಲನ್ನು ರಾಜ್ಯವೇ ವಾಪಸ್ ಪಡೆಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಜೈಲನ್ನು 2011ರಲ್ಲಿ ಕಂಪೆನಿಗೆ ಕೊಟ್ಟರು. 2016ರ ಡಿಸೆಂಬರಿನಲ್ಲಿ ದೊಡ್ಡ ದಂಗೆ ಆಯಿತು, 2018ರ ಆಗಸ್ಟಿನಲ್ಲಿ ಸರ್ಕಾರ ಕೈಗೆ ತೆಗೆದುಕೊಂಡಿತು. ಕಾವಲಿಗೆ ಆಳಿಲ್ಲದಿದ್ದರೆ ಕೈದಿಗಳನ್ನು ಕೋಣೆಯಿಂದ ಹೊರಗೆ ಬಿಡುವುದಿಲ್ಲ. ಆಗ ತರಗತಿ, ಕಾರ್ಯಾಗಾರ, ಭೇಟಿ ಎಲ್ಲವೂ ರದ್ದು. ಸುಧಾರಣೆಯ ಕಾರ್ಯಕ್ರಮ ಕಾಗದದಲ್ಲಿ ಇರುತ್ತದೆ, ಆ ಗಂಟೆ ನಡೆದಿರುವುದಿಲ್ಲ.

ಇನ್ನು ಖರ್ಚಿನ ಹೋಲಿಕೆ. ಅರಿಜೋನಾದಲ್ಲಿ ದುಬಾರಿ ಚಿಕಿತ್ಸೆ ಬೇಕಾದ ಕೈದಿಗಳನ್ನು ಖಾಸಗಿ ಜೈಲುಗಳು ತೆಗೆದುಕೊಳ್ಳುತ್ತಿರಲಿಲ್ಲ. ಅವರ ಖರ್ಚೆಲ್ಲ ಸರ್ಕಾರಿ ಜೈಲಿನ ಲೆಕ್ಕಕ್ಕೆ ಬಿದ್ದ ಮೇಲೆ ‘ಖಾಸಗಿಯದು ಅಗ್ಗ’ ಎಂಬ ಮಾತಿಗೆ ಬೆಲೆ ಎಲ್ಲಿ?

ಹಾಗೆಂದು ವಿರೋಧಿ ಬಣದವರು ಅತಿ ಮಾಡಬಾರದು. ಅಮೆರಿಕದ ರಾಜ್ಯ ಮತ್ತು ಕೇಂದ್ರ ಜೈಲುಗಳ ಕೈದಿಗಳಲ್ಲಿ ಖಾಸಗಿ ಜೈಲಿನಲ್ಲಿರುವವರು ಶೇ. 8ರ ಆಸುಪಾಸು. ಉಳಿದವರನ್ನು ಒಳಗೆ ಇಟ್ಟದ್ದು ಸರ್ಕಾರಿ ಜೈಲೇ. ಅಲ್ಲಿನ ಕೈದಿಗಳ ಸಂಖ್ಯೆಗೆ ಕಂಪೆನಿಗಳೇ ಕಾರಣ ಎಂದರೆ ಸಭೆಯಲ್ಲಿ ಯಾರಾದರೂ ಈ ಅಂಕಿ ಹಿಡಿದು ನಿಲ್ಲಿಸುತ್ತಾರೆ.

ಇಸ್ರೇಲಿನ ಸುಪ್ರೀಂ ಕೋರ್ಟಿನ 2009ರ ತೀರ್ಪನ್ನು ತಪ್ಪದೆ ಹೇಳಿ. ಬೀರ್‌ಶೆವಾ ಹತ್ತಿರ ಖಾಸಗಿ ಜೈಲು ಕಟ್ಟಿ ಮುಗಿಯುತ್ತ ಬಂದಿದ್ದಾಗ ನ್ಯಾಯಾಲಯ 8–1 ಬಹುಮತದಿಂದ ಆ ಕಾನೂನನ್ನೇ ತಳ್ಳಿಹಾಕಿತು. ಕಂಪೆನಿ ಚೆನ್ನಾಗಿ ನಡೆಸುತ್ತದೋ ಇಲ್ಲವೋ ಎಂಬುದರ ಮೇಲೆ ಆ ತೀರ್ಪು ನಿಂತಿಲ್ಲ. ಮನುಷ್ಯನ ಸ್ವಾತಂತ್ರ್ಯ ಕಿತ್ತುಕೊಳ್ಳುವ ಅಧಿಕಾರವನ್ನು ಲಾಭದ ಸಂಸ್ಥೆಗೆ ಕೊಡುವುದೇ ಅವನ ಘನತೆಗೆ ಧಕ್ಕೆ ಎಂದು ಹೇಳಿತು. ನನ್ನ ನಿಲುವೂ ಅದೇ.

ಅಂಕಿಅಂಶ ಮಾಷ್ಟ್ರು

ಪಯಸ್ವಿನಿಯವರು ಹೇಳಿದ್ದು ತಲೆಲೆಕ್ಕದ ಒಪ್ಪಂದಕ್ಕೆ ಸರಿ. ಫಲಿತಾಂಶಕ್ಕೆ ಹಣ ಎಂಬ ಇನ್ನೊಂದು ಬಗೆಯನ್ನು ಬಿಟ್ಟರೆ ಪರ ಬಣದವರಿಗೆ ಅನ್ಯಾಯವಾಗುತ್ತದೆ.

ಇಂಗ್ಲೆಂಡಿನ ಪೀಟರ್‌ಬರೋ ಜೈಲಿನಲ್ಲಿ 2010ರಿಂದ ಒಂದು ಪ್ರಯೋಗ ನಡೆಯಿತು. ಜೈಲು ಖಾಸಗಿಯದು, ಆದರೆ ಪ್ರಯೋಗದ ಹಣ ಬೇರೆ ಹೂಡಿಕೆದಾರರದು, ಸುಮಾರು 50 ಲಕ್ಷ ಪೌಂಡ್. ಆಯ್ದುಕೊಂಡದ್ದು 12 ತಿಂಗಳಿಗಿಂತ ಕಡಿಮೆ ಶಿಕ್ಷೆಯ ಗಂಡಸರನ್ನು, ಏಕೆಂದರೆ ಬಿಡುಗಡೆಯ ನಂತರ ಅವರನ್ನು ಕೇಳುವವರೇ ಇರಲಿಲ್ಲ. ಒಳಗೆ ಇರುವಾಗಲೇ ಒಬ್ಬ ಕಾರ್ಯಕರ್ತ ಪರಿಚಯ ಮಾಡಿಕೊಳ್ಳುತ್ತಿದ್ದ, ಬಿಡುಗಡೆಯ ಬೆಳಿಗ್ಗೆ ಗೇಟಿನಲ್ಲಿ ನಿಲ್ಲುತ್ತಿದ್ದ, ಮನೆ, ಭತ್ಯೆ, ವ್ಯಸನದ ಚಿಕಿತ್ಸೆಗೆ ಜತೆಯಲ್ಲಿ ಹೋಗುತ್ತಿದ್ದ. ಮರು ಶಿಕ್ಷೆಯ ಪ್ರಕರಣಗಳು ಒಟ್ಟಾರೆ ಶೇ. 7.5ರಷ್ಟು ಇಳಿದರೆ ಮಾತ್ರ ಹೂಡಿಕೆದಾರರಿಗೆ ಹಣ ಎಂಬುದು ಷರತ್ತು. ಮೊದಲ ತಂಡದಲ್ಲಿ ಶೇ. 8.4, ಎರಡೂ ತಂಡ ಸೇರಿ ಶೇ. 9 ಇಳಿಯಿತು. 2017ರಲ್ಲಿ ಹಣ ಕೊಟ್ಟರು.

ಇಲ್ಲಿ ಅಳತೆ ಮಾಡಿದ ರೀತಿ ಮುಖ್ಯ. ಒಬ್ಬ ಮನುಷ್ಯ ಮತ್ತೆ ತಪ್ಪಿದನೋ ಇಲ್ಲವೋ ಎಂದು ನೋಡಲಿಲ್ಲ. 12 ತಿಂಗಳೊಳಗಿನ ತಪ್ಪುಗಳಿಗೆ ಎಷ್ಟು ಸಲ ಶಿಕ್ಷೆಯಾಯಿತು ಎಂದು ಎಣಿಸಿದರು. ಹೌದು–ಇಲ್ಲ ಎಂದು ಅಳೆದರೆ, ಮೊದಲ ತಿಂಗಳಲ್ಲೇ ಸಣ್ಣ ಕಳ್ಳತನಕ್ಕೆ ಸಿಕ್ಕಿಬಿದ್ದವನನ್ನು ಕಾರ್ಯಕರ್ತರು ಕೈಬಿಡುತ್ತಾರೆ, ‘ಇವನ ಲೆಕ್ಕ ಹೋಯಿತು’ ಎಂದು. ವರ್ಷಕ್ಕೆ ಎಂಟು ಸಲ ಸಿಕ್ಕಿಬೀಳುತ್ತಿದ್ದವನು ಎರಡಕ್ಕೆ ಇಳಿದದ್ದು ಆ ಅಳತೆಯಲ್ಲಿ ಕಾಣುವುದೇ ಇಲ್ಲ.

ಅದೇ ಇಂಗ್ಲೆಂಡ್ 2014–15ರಲ್ಲಿ ಪ್ರೊಬೇಷನ್ ಕೆಲಸದ ದೊಡ್ಡ ಭಾಗವನ್ನು 21 ಕಂಪೆನಿ ವಲಯಗಳಿಗೆ ಹಂಚಿ, ಫಲಿತಾಂಶಕ್ಕೆ ಹಣ ಎಂದು ಇಡೀ ದೇಶಕ್ಕೆ ಹಬ್ಬಿಸಿತು. ಅದು ಸೋತಿತು. ಬಂದ ಪ್ರಕರಣಗಳ ಸಂಖ್ಯೆ ಅಂದಾಜಿಗಿಂತ ಕಡಿಮೆ, ಕಂಪೆನಿಗಳಿಗೆ ನಷ್ಟ. ನೌಕರರನ್ನು ಕಡಿತ ಮಾಡಿದರು, ಹಲವರ ಮೇಲ್ವಿಚಾರಣೆ ಆಗೊಮ್ಮೆ ಈಗೊಮ್ಮೆ ಫೋನಿನಲ್ಲೇ ನಡೆಯಿತು. 2021ರ ಜೂನ್‌ನಲ್ಲಿ ಎಲ್ಲವನ್ನೂ ಸರ್ಕಾರವೇ ವಾಪಸ್ ಪಡೆಯಿತು. ಗೇಟಿನಲ್ಲಿ ಕಾಯುವ ಆಳು ಇದ್ದಾಗ ಫಲ ಬಂತು, ಆ ಆಳನ್ನೇ ಉಳಿತಾಯ ಮಾಡಿದಾಗ ಬರಲಿಲ್ಲ.

ಅಂಕಿ ಹೇಳುವಾಗ ಒಂದು ಎಚ್ಚರ. ಅಮೆರಿಕದಲ್ಲಿ 2005ರಲ್ಲಿ 30 ರಾಜ್ಯಗಳಿಂದ ಬಿಡುಗಡೆಯಾದವರಲ್ಲಿ ಶೇ. 67.8ರಷ್ಟು ಜನ ಮೂರು ವರ್ಷದೊಳಗೆ ಮತ್ತೆ ‘ಬಂಧನ’ಕ್ಕೊಳಗಾದರು. ನಾರ್ವೆಯ ಹೆಸರಲ್ಲಿ ಹೇಳುವ ಶೇ. 20 ಎರಡು ವರ್ಷದೊಳಗೆ ಮತ್ತೆ ‘ಶಿಕ್ಷೆ’ಯಾದವರದು. ಬಂಧನವೇ ಬೇರೆ, ಶಿಕ್ಷೆಯೇ ಬೇರೆ, ಅವಧಿಯೂ ಬೇರೆ. ಇವೆರಡನ್ನು ಅಕ್ಕಪಕ್ಕ ಇಟ್ಟು ‘ಮೂರು ಪಟ್ಟು’ ಎಂದರೆ ತಪ್ಪು. ನಾರ್ವೆಯಿಂದ ಕಲಿಯಬೇಕಾದ್ದು ಬೇರೆ ಇದೆ: ಅಲ್ಲಿ ಜೈಲಿನ ಶಾಲೆ, ಆಸ್ಪತ್ರೆ, ಗ್ರಂಥಾಲಯಗಳನ್ನು ನಡೆಸುವವರು ಜೈಲಿನವರಲ್ಲ, ಹೊರಗಿನ ಅವೇ ಇಲಾಖೆಗಳವರು. ಬಿಡುಗಡೆಯಾದ ಮೇಲೂ ಅದೇ ವ್ಯವಸ್ಥೆ ಮುಂದುವರಿಯುತ್ತದೆ.

ಓದುಬಳಗ, ಬದಿಯಡ್ಕ

ಇಬ್ಬರಿಗೂ ಧನ್ಯವಾದ. ಮಾಷ್ಟ್ರೇ, ಬಂಧನ–ಶಿಕ್ಷೆಯ ವ್ಯತ್ಯಾಸ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಾಗಾದರೆ ನಮ್ಮ ಸರ್ಕಾರಿ ಜೈಲುಗಳು ಎಲ್ಲಿ ಎಡವುತ್ತಿವೆ? ಲಾಭದ ಪ್ರಶ್ನೆಯೇ ಇಲ್ಲವಲ್ಲ ಇಲ್ಲಿ.

ಕೋರ್ಟು ರಸ್ತೆ

ಎಡವುವುದು ಸುಧಾರಣೆ ಶುರುವಾಗುವ ಮೊದಲೇ. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ 2022ರ ವರದಿ ತೆಗೆಯಿರಿ: ದೇಶದ ಜೈಲುಗಳ ಸಾಮರ್ಥ್ಯ 4,36,266, ಇದ್ದವರು 5,73,220. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನೂರರಲ್ಲಿ 76 ಜನ. ವಿಚಾರಣಾಧೀನನಿಗೆ ಕಡ್ಡಾಯ ಕೆಲಸ ಇಲ್ಲ, ಬಿಡುಗಡೆಯ ದಿನ ಗೊತ್ತಿಲ್ಲ, ದೀರ್ಘ ತರಬೇತಿಗೆ ಅವನನ್ನು ಸೇರಿಸುವುದು ಕಷ್ಟ. ನಾಳೆಯೇ ಜಾಮೀನು ಸಿಗಬಹುದು, ಎರಡು ವರ್ಷ ಸಿಗದೆಯೂ ಇರಬಹುದು. ತೆರೆದ ಜೈಲು, ಪೆರೋಲ್, ಶಿಕ್ಷೆ ವಿನಾಯಿತಿ ಎಲ್ಲವೂ ಶಿಕ್ಷೆಯಾದವರಿಗೆ. ಸಣ್ಣ ಪ್ರಕರಣದಲ್ಲಿ ಒಳಹೋದ ಹುಡುಗ ಪಳಗಿದವರ ಜತೆ ಒಂದೇ ಬ್ಲಾಕಿನಲ್ಲಿ ಖಾಲಿ ಕೂರುತ್ತಾನೆ. ಅಪಾಯ ಕಡಿಮೆ ಇರುವವನನ್ನು ಅಪಾಯ ಹೆಚ್ಚಿರುವವರ ಜತೆ ಬೆರೆಸಿದರೆ ಅವನು ಕೆಡುತ್ತಾನೆ ಎಂಬುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ.

ಆದ್ದರಿಂದ ಮೊದಲ ಪುನರ್ವಸತಿ ಎಂದರೆ ಜಾಮೀನು. ನಮ್ಮ ಗಡಿಯ ಜನಕ್ಕೆ ಅಲ್ಲೇ ತೊಡಕು. ಮಂಜೇಶ್ವರದವನ ಮೇಲೆ ಮಂಗಳೂರಿನಲ್ಲಿ ಕೇಸು, ಜಾಮೀನುದಾರನ ಜಾಗ ಕೇರಳದಲ್ಲಿ. ಅಥವಾ ಪುತ್ತೂರಿನವನು ಹೊಸದುರ್ಗ ಜೈಲಿನಲ್ಲಿ, ಬಂಧುಗಳ ಪಹಣಿ ಕರ್ನಾಟಕದ್ದು. ಇಲ್ಲಿಯ ವಿಲೇಜ್ ಆಫೀಸಿನ ಭೂತೆರಿಗೆ ರಸೀದಿ ಅಲ್ಲಿ ಹೊಸತು, ಅಲ್ಲಿಯ ಪಹಣಿ ಇಲ್ಲಿ ಹೊಸತು. ಪರಿಶೀಲನೆಗೆ ಪತ್ರ ಹೋಗಿ ಬರುವಷ್ಟರಲ್ಲಿ ವಾರಗಳು ಉರುಳುತ್ತವೆ. ಜಾಮೀನು ಆದೇಶ ಕೈಯಲ್ಲಿದ್ದೂ ಮನುಷ್ಯ ಒಳಗೇ ಇರುತ್ತಾನೆ.

ಇದಕ್ಕೆ ಕಾನೂನಿನಲ್ಲಿ ಉತ್ತರ ಇದೆ, ಬಳಸುವವರು ಕಡಿಮೆ. 1978ರ ಮೋತಿರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಕೆಳಗಿನ ಕೋರ್ಟು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ನಿರಾಕರಿಸಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಒಪ್ಪಲಿಲ್ಲ. ದೂರದ ಊರಿನಲ್ಲಿ ಸಿಕ್ಕಿಬಿದ್ದ ಮಲಯಾಳಿ, ಕನ್ನಡಿಗ ಅಲ್ಲಿಯ ಆಸ್ತಿವಂತನನ್ನು ಎಲ್ಲಿಂದ ತರಬೇಕು ಎಂದು ತೀರ್ಪಿನಲ್ಲೇ ಕೇಳಿ, ಮೊತ್ತವನ್ನು ಸಾವಿರಕ್ಕೆ ಇಳಿಸಿದರು. ಅರ್ಜಿಯಲ್ಲಿ ಈ ತೀರ್ಪನ್ನು ಹೆಸರಿಸಿ ಬರೆಯಿರಿ.

2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನ ಇನ್ನೂ ನೇರ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇಮೇಲಿನಲ್ಲಿ ಜೈಲಿಗೆ ಕಳಿಸಬೇಕು. ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ಕೊಡಲಾಗದಿದ್ದರೆ ಷರತ್ತು ಸಡಿಲಿಸುವ ವಿಚಾರವನ್ನು ಕೋರ್ಟೇ ಕೈಗೆತ್ತಿಕೊಳ್ಳಬಹುದು. ಸ್ಥಳೀಯ ಜಾಮೀನುದಾರನೇ ಬೇಕು ಎಂಬ ಹಟ ಬಿಡುಗಡೆ ತಡವಾಗಲು ಕಾರಣ ಎಂದು ಹೇಳಿ, ಅಂಥ ಷರತ್ತು ಹಾಕಬಾರದೆಂದೂ ಸೂಚಿಸಿದೆ. ಮನೆಯವರು ಮಾಡಬೇಕಾದ್ದು: ಆದೇಶದ ತಾರೀಕು ಬರೆದಿಟ್ಟುಕೊಂಡು, ಎಂಟನೇ ದಿನ ಪ್ರಾಧಿಕಾರದ ಕಚೇರಿಗೆ ಹೋಗಿ, ಕೇಸು ನಂಬರು, ಜೈಲಿನ ಹೆಸರು, ಆದೇಶದ ಪ್ರತಿ, ಮನೆಯ ವರಮಾನದ ದಾಖಲೆ ಕೊಟ್ಟು, ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು. ಬಾಯಿಮಾತಿನಲ್ಲಿ ಹೇಳಿ ಬಂದರೆ ಕಡತ ಏಳುವುದಿಲ್ಲ.

ಜಾಮೀನಿಗೆ ಅರ್ಹವಾದ ಅಪರಾಧವಾದರೆ ದಾರಿ ಇನ್ನೂ ಸುಲಭ. ಬಂಧನವಾಗಿ ಒಂದು ವಾರದಲ್ಲಿ ಜಾಮೀನುದಾರನನ್ನು ತರಲಾಗದವನನ್ನು ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು (ನಾಗರಿಕ ಸುರಕ್ಷಾ ಸಂಹಿತೆ, ಕಲಂ 478). ಅದೇ ಸಂಹಿತೆಯ 479ನೇ ಕಲಂ ದೀರ್ಘಕಾಲ ಒಳಗಿರುವವರಿಗೆ: ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದವರಿಗೆ, ಹಿಂದೆ ಎಂದೂ ಶಿಕ್ಷೆಯಾಗದವರಾದರೆ ಮೂರನೇ ಒಂದು ಭಾಗ ಕಳೆದವರಿಗೆ ಬಿಡುಗಡೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಇಲ್ಲ; ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಇಲ್ಲ. ಹೆಚ್ಚಿನವರು ಮುಗ್ಗರಿಸುವುದು ಈ ಕೊನೆಯ ಷರತ್ತಿನಲ್ಲಿ, ಗಡಿಯ ಎರಡೂ ಬದಿ ಒಂದೊಂದು ಕೇಸು ಇರುವವರಂತೂ ಖಂಡಿತ. ಅರ್ಜಿ ಹಾಕುವ ಹೊಣೆ ಸೂಪರಿಂಟೆಂಡೆಂಟರದು. ಆದರೂ ಮನೆಯವರು ಬಂಧನದ ತಾರೀಕು, ಕಲಂ, ಗರಿಷ್ಠ ಶಿಕ್ಷೆ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಹಣವೇ ತೊಡಕಾದವರಿಗೆ 2023ರಲ್ಲಿ ಕೇಂದ್ರದ ಬಡಕೈದಿಗಳ ನೆರವು ಯೋಜನೆ ಬಂದಿದೆ. ಶುರುವಿನಲ್ಲಿ ಇಟ್ಟ ಮಿತಿ ಜಾಮೀನಿಗೆ ₹40,000, ದಂಡ ಕಟ್ಟಲಾಗದ ಶಿಕ್ಷಾ ಕೈದಿಗೆ ₹25,000. ಮಾದಕವಸ್ತು, ಭ್ರಷ್ಟಾಚಾರ, ಹಣ ಅಕ್ರಮ ವರ್ಗಾವಣೆ, ಯುಎಪಿಎ ಪ್ರಕರಣಗಳಿಗೆ ಅನ್ವಯಿಸುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮಾದಕವಸ್ತು ಕೇಸುಗಳು ಇರುವ ಪ್ರಮಾಣಕ್ಕೆ ಇದು ದೊಡ್ಡ ಕೊರತೆಯೇ.

ಅನಂತಪುರ ಗುಡ್ಡೆ

ಜೈಲಿಗೆ ಹೋಗದೆ ಉಳಿಯುವ ದಾರಿಯೊಂದನ್ನು ಕೋರ್ಟು ರಸ್ತೆಯವರು ಹೇಳದೆ ಬಿಟ್ಟರು. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ. ತಪ್ಪು ಸಾಬೀತಾದರೂ ಮರಣದಂಡನೆ, ಜೀವಾವಧಿಯ ಅಪರಾಧ ಅಲ್ಲದಿದ್ದರೆ, 4ನೇ ಕಲಂ ಪ್ರಕಾರ ಮೂರು ವರ್ಷದವರೆಗಿನ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. 21 ವರ್ಷಕ್ಕಿಂತ ಕೆಳಗಿನವರನ್ನು ಜೈಲಿಗೆ ಕಳಿಸುವುದಾದರೆ ಕಾರಣ ಬರೆಯಬೇಕು (6ನೇ ಕಲಂ). ಎಲ್ಲಕ್ಕಿಂತ ಮೇಲಾದ್ದು 12ನೇ ಕಲಂ: ಹೀಗೆ ಬಿಟ್ಟವನಿಗೆ ಶಿಕ್ಷೆಯಾದವರಿಗೆ ಅಂಟುವ ಅನರ್ಹತೆ ಅಂಟುವುದಿಲ್ಲ. ಜೀವಮಾನವಿಡೀ ಹಿಂಬಾಲಿಸುವ ಕಳಂಕವನ್ನು ಒಂದೇ ವಾಕ್ಯದಲ್ಲಿ ಕತ್ತರಿಸುವ ಕಲಂ ಅದು, ಅಷ್ಟಾಗಿಯೂ ಎಷ್ಟೋ ಪ್ರಕರಣಗಳಲ್ಲಿ ಅದನ್ನು ಕೇಳುವವರೇ ಇಲ್ಲ!

ಕೇಳುವ ಹೊತ್ತು ತಪ್ಪಬಾರದು. ತಪ್ಪಿತಸ್ಥನೆಂದು ಹೇಳಿದ ಮೇಲೆ, ಶಿಕ್ಷೆಯ ಪ್ರಮಾಣದ ವಿಚಾರಣೆಗೆ ಮುನ್ನ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿ ಎಂದು ಬಿನ್ನವಿಸಬೇಕು. ಕೇರಳದಲ್ಲಿ ಆ ಅಧಿಕಾರಿ ಸಾಮಾಜಿಕ ನ್ಯಾಯ ಇಲಾಖೆಯವರು. ಅವರು ಮನೆಗೆ ಬಂದಾಗ ಕೆಲಸ ಕೊಡುವವರ ಒಂದು ಪತ್ರ, ವಾಸದ ದಾಖಲೆ, ಓದಿದ ಶಾಲೆಯ ವಿವರ ಕೈಯಲ್ಲಿರಲಿ. ವರದಿ ಸೊರಗುವುದು ಇವಿಲ್ಲದೆ. ಈಗ ನ್ಯಾಯ ಸಂಹಿತೆಯಲ್ಲಿ ₹5,000ಕ್ಕಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳ್ಳತನಕ್ಕೆ, ವಸ್ತು ಅಥವಾ ಬೆಲೆ ಹಿಂತಿರುಗಿಸಿದರೆ, ಸಮುದಾಯ ಸೇವೆಯ ಶಿಕ್ಷೆಯೂ ಇದೆ.

ತೋಟದ ಮನೆ

ಶಿಕ್ಷೆ ಅನುಭವಿಸಿ ಹೊರಬರುವವರ ಬಗ್ಗೆ ಯಾರೂ ಬರೆಯಲಿಲ್ಲ, ಹಾಗಾಗಿ ನಾನು.

ನಮ್ಮ ಜಿಲ್ಲೆಯ ಭಾಗ್ಯ ಎಂದರೆ ಚೀಮೇನಿಯ ತೆರೆದ ಜೈಲು. ಎತ್ತರದ ಗೋಡೆ ಇಲ್ಲದ, ಕೃಷಿ, ಜಾನುವಾರು, ಮುರಕಲ್ಲಿನ ಕೆಲಸ ಇರುವ ಜಾಗ. ಹೊಲದಲ್ಲಿ ಸಾಲು ಹಿಡಿದು ದುಡಿಯುವುದು, ಹೇಳಿದ ಹೊತ್ತಿಗೆ ಏಳುವುದು, ಕೂಲಿಯಿಂದ ಮನೆಗೆ ಹಣ ಕಳಿಸುವುದು, ಇವು ಕೋಣೆಯೊಳಗಿನ ಯಾವ ಉಪನ್ಯಾಸಕ್ಕಿಂತಲೂ ಮೇಲು. ರಾಜಸ್ಥಾನದವರು ಇನ್ನೂ ಮುಂದೆ ಹೋಗಿದ್ದಾರೆ: ಜೈಪುರದ ಸಾಂಗಾನೇರ್‌ನಲ್ಲಿ 1963ರಿಂದ ಕೈದಿಗಳು ಹೆಂಡತಿ ಮಕ್ಕಳೊಡನೆ ಇದ್ದು, ಹಗಲು ಪೇಟೆಯಲ್ಲಿ ದುಡಿದು, ಸಂಜೆ ಹಾಜರಿಗೆ ಬರುತ್ತಾರೆ. ಸಂಸಾರ ಅಲ್ಲೇ ಇರುವಾಗ ಓಡಿಹೋಗಲು ಕಾರಣ ಏನು? ಕಾವಲಿನ ಖರ್ಚೂ ಅಷ್ಟೇ ಕಡಿಮೆ. ಕಂಪೆನಿಗೆ ಕೊಟ್ಟು ಉಳಿಸುವ ಮಾತಾಡುವವರು ಮೊದಲು ಈ ಲೆಕ್ಕ ನೋಡಲಿ.

ಕೂಲಿ ದಾನವಲ್ಲ. 1998ರ ಗುಜರಾತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದುಡಿದ ಕೈದಿಗೆ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲೊಂದು ಪಾಲು ಅಪರಾಧದಿಂದ ನೊಂದವರಿಗೆ ಹೋಗಬೇಕು ಎಂದಿತು. ನೊಂದವರ ಪಾಲಿನ ಮಾತು ನನಗೆ ಬಹಳ ಸರಿ ಕಾಣುತ್ತದೆ. ಪುನರ್ವಸತಿ ಎಂದೊಡನೆ ‘ಕಳ್ಳನಿಗೆ ಯಾಕೆ ಉಪಚಾರ’ ಎನ್ನುವವರಿಗೆ ಅದರಲ್ಲೇ ಉತ್ತರ ಇದೆ.

ಕಸುಬಿನ ಆಯ್ಕೆಯಲ್ಲಿ ನಾವು ತಪ್ಪುತ್ತಿದ್ದೇವೆ. ಕೇರಳದ ಜೈಲುಗಳ ಚಪಾತಿ, ಒಂದಕ್ಕೆ ಎರಡು ರೂಪಾಯಿಯಂತೆ ಶುರುವಾದದ್ದು, ಒಳ್ಳೆಯ ಹೆಸರು ಮಾಡಿದೆ, ಜೈಲಿಗೆ ವರಮಾನವೂ ಬಂತು. ಆದರೆ ದೊಡ್ಡ ಯಂತ್ರದಲ್ಲಿ ಸಾವಿರಗಟ್ಟಲೆ ಚಪಾತಿ ಬೇಯಿಸಿದವನಿಗೆ ಅಡೂರು, ಮುಳ್ಳೇರಿಯದಲ್ಲಿ ಆ ಯಂತ್ರ ಎಲ್ಲಿ ಸಿಗುತ್ತದೆ? ನಮ್ಮ ಕಡೆ ಮರ ಏರಿ ಅಡಿಕೆ ಕೊಯ್ಯುವ ಕೊನೆಗಾರರಿಲ್ಲ. ಮಳೆಗಾಲಕ್ಕೆ ಮೊದಲು ಮದ್ದು ಬಿಡುವವರು ಸಿಗದೆ ಕೊಳೆರೋಗಕ್ಕೆ ಫಸಲು ಹೋಗುತ್ತದೆ. ಆ ಮದ್ದು, ಶೇ. 1ರ ಬೋರ್ಡೋ ದ್ರಾವಣ, ಎಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತಿನ ನೀರು ಹೊಯ್ಯಬೇಕು. ಇದನ್ನು ಕದಡಲು, ಫೈಬರ್ ದೋಟಿಯಲ್ಲಿ ನೆಲದಿಂದಲೇ ಸಿಂಪಡಿಸಲು, ಯಂತ್ರ ಕಟ್ಟಿ ತೆಂಗಿನಮರ ಏರಲು ಕೆಲವೇ ದಿನಗಳ ತರಬೇತಿ ಸಾಕು. ಕೂಡ್ಲಿನಲ್ಲಿ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ತೆಂಗು ಅಭಿವೃದ್ಧಿ ಮಂಡಳಿಯ ಮರ ಹತ್ತುವವರ ತರಬೇತಿ ಮತ್ತು ವಿಮೆ ಇದೆ. ಅವರನ್ನು ಚೀಮೇನಿಯೊಳಗೆ ಕರೆತನ್ನಿ. ಹೊರಬಂದ ಮರುದಿನವೇ ಕೂಲಿ ಸಿಗುವ ಕಸುಬು ಅದು.

ಬಿಡುಗಡೆಗೆ ಆರು ತಿಂಗಳು ಇರುವಾಗಲೇ ಕಾಗದಪತ್ರ ಶುರು ಮಾಡಬೇಕು. ಆಧಾರಿಗೆ ಫೋನ್ ನಂಬರು ಬದಲಾಗಿರುತ್ತದೆ, ಸಿಮ್ ಸತ್ತಿರುತ್ತದೆ. ಒಟಿಪಿ ಬಾರದೆ ಬ್ಯಾಂಕು ಖಾತೆ ತೆರೆಯದು, ಖಾತೆ ಇಲ್ಲದೆ ಜೈಲಿನ ಕೂಲಿ ಕೈಸೇರದು. ರೇಷನ್ ಕಾರ್ಡಿನಿಂದ ಹೆಸರು ತೆಗೆದಿರುತ್ತಾರೆ, ಅದನ್ನು ಮತ್ತೆ ಸೇರಿಸಬೇಕು. ಶಾಲೆ ಬಿಟ್ಟವರಿಗೆ ಸಾಕ್ಷರತಾ ಮಿಷನ್ನಿನ ಹತ್ತನೆಯ ತತ್ಸಮಾನ ಪರೀಕ್ಷೆ, ಮುಂದಕ್ಕೆ ಓದುವವರಿಗೆ ಶುಲ್ಕವಿಲ್ಲದ ಇಗ್ನೋ ಕೋರ್ಸು ಜೈಲಿನೊಳಗೇ ಇವೆ. ಅಮೆರಿಕದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ರ್‍ಯಾಂಡ್ ಸಂಸ್ಥೆಯ ವಿಶ್ಲೇಷಣೆಯಲ್ಲಿ ಜೈಲಿನಲ್ಲಿ ಓದಿದವರು ಮತ್ತೆ ಜೈಲು ಸೇರುವ ಪ್ರಮಾಣ 13 ಶೇಕಡಾಂಶ ಕಡಿಮೆ ಇತ್ತು.

ಇನ್ನೊಂದು, ಮಾದಕ ವ್ಯಸನ ಇದ್ದವರ ವಿಷಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಡುಗಡೆಯ ಮೊದಲ ಎರಡು ವಾರ ಸಾವಿನ ಅಪಾಯ ಇತರರಿಗಿಂತ 12.7 ಪಟ್ಟು ಹೆಚ್ಚಿತ್ತು, ದೊಡ್ಡ ಕಾರಣ ಅತಿಪ್ರಮಾಣ. ಒಳಗೆ ಇದ್ದಷ್ಟು ಕಾಲ ದೇಹದ ತಾಳಿಕೆ ಇಳಿದಿರುತ್ತದೆ, ಹೊರಬಂದು ಹಳೆಯ ಪ್ರಮಾಣ ತೆಗೆದುಕೊಂಡರೆ ಪ್ರಾಣವೇ ಹೋಗುತ್ತದೆ. ಇದನ್ನು ಬಿಡುಗಡೆಗೆ ಮೊದಲೇ ಕೈದಿಗೂ ಮನೆಯವರಿಗೂ ಬಿಚ್ಚಿ ಹೇಳಬೇಕು. ಅಬಕಾರಿ ಇಲಾಖೆಯ ‘ವಿಮುಕ್ತಿ’ ವ್ಯಸನಮುಕ್ತಿ ಕೇಂದ್ರದಲ್ಲಿ ಮೊದಲ ವಾರಕ್ಕೇ ದಿನ ಗೊತ್ತು ಮಾಡಿಸಿರಬೇಕು.

ಅಂಕಿಅಂಶ ಮಾಷ್ಟ್ರು

ತೋಟದ ಮನೆಯವರೇ, ಬೋರ್ಡೋ ಮಾತು ಬಹಳ ಹಿಡಿಸಿತು. ತೆರೆದ ಜೈಲಿನ ಬಗ್ಗೆ ಮಾತ್ರ ಒಂದು ತಿದ್ದುಪಡಿ: ಅಲ್ಲಿಗೆ ಕಳಿಸುವುದು ನಡತೆ ಚೆನ್ನಾಗಿರುವ, ಶಿಕ್ಷೆಯ ಒಂದು ಭಾಗ ಮುಗಿಸಿದವರನ್ನು. ಅವರು ಬೇರೆ ಕಡೆ ಇದ್ದರೂ ಬಹುಶಃ ಚೆನ್ನಾಗಿಯೇ ಇರುತ್ತಿದ್ದರು. ಸೆಂಟ್ರಲ್ ಜೈಲಿನ ಅಂಕಿಯ ಜತೆ ಹೋಲಿಸಿ ಗೆದ್ದೆವು ಎನ್ನುವುದು, ಖಾಸಗಿಯವರು ಆರೋಗ್ಯವಂತರನ್ನೇ ಆರಿಸಿಕೊಂಡು ಅಗ್ಗ ಎಂದ ಹಾಗೆಯೇ. ನಮ್ಮಲ್ಲಿ ಬಿಡುಗಡೆಯಾದವರನ್ನು ರಾಜ್ಯದ ಗಡಿ ದಾಟಿ ಹಿಂಬಾಲಿಸುವ ಲೆಕ್ಕವೇ ಪ್ರಕಟವಾಗುವುದಿಲ್ಲ. ಹೊಸದುರ್ಗದಿಂದ ಹೊರಬಂದು ಮಂಗಳೂರಿನಲ್ಲಿ ಸಿಕ್ಕಿಬಿದ್ದವನು ಕೇರಳದ ಮಟ್ಟಿಗೆ ಸುಧಾರಿಸಿದವನು. ಸಭೆಯಲ್ಲಿ ಯಾರಾದರೂ ಭಾರತದ ಮರು ಅಪರಾಧದ ಪ್ರಮಾಣ ಹೇಳಿದರೆ, ಯಾರನ್ನು, ಎಷ್ಟು ವರ್ಷ, ಯಾವ ರಾಜ್ಯಗಳಲ್ಲಿ ಹಿಂಬಾಲಿಸಿ ಎಣಿಸಿದ್ದು ಎಂದು ಕೇಳಿ.

ಕೋರ್ಟು ರಸ್ತೆ

ಮಾಷ್ಟ್ರ ಮಾತಿಗೆ ಸೇರಿಸಿ, ಭೇಟಿ ಮತ್ತು ಭಾಷೆಯ ಬಗ್ಗೆ ಇಷ್ಟು ಹೇಳಿ ನಿಲ್ಲಿಸುತ್ತೇನೆ. ಮನೆಯವರ ಸಂಪರ್ಕ ಕಡಿದವನು ಹೊರಬಂದಾಗ ಹೋಗುವುದು ಹಳೆಯ ಸಂಗಾತಿಗಳ ಬಳಿಗೇ. ದೀರ್ಘ ಶಿಕ್ಷೆಯವರು ಕಣ್ಣೂರಿನಲ್ಲಿರುತ್ತಾರೆ. ಪೆರ್ಲ, ವರ್ಕಾಡಿಯಿಂದ ಹೋಗಿ ಬರುವುದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ಇ–ಮುಲಾಕಾತ್ (ಕೈದಿಯೊಡನೆ ವಿಡಿಯೊ ಮೂಲಕ ಭೇಟಿ) ಬಳಸಿ. ರಾಷ್ಟ್ರೀಯ ಜೈಲು ಮಾಹಿತಿ ಜಾಲತಾಣದಲ್ಲಿ ಭೇಟಿಯ ನೋಂದಣಿ ತೆರೆದು, ನಿಮ್ಮ ಹೆಸರು, ಗುರುತಿನ ಚೀಟಿಯ ನಂಬರು, ರಾಜ್ಯ, ಜೈಲು, ಕೈದಿಯ ಹೆಸರು ಮತ್ತು ತಂದೆಯ ಹೆಸರು, ಸಂಬಂಧ ತುಂಬಿಸಿ ಒಟಿಪಿ ಕೊಡಬೇಕು. ಕೈದಿಯ ಹೆಸರು ಜೈಲಿನ ದಾಖಲೆಯಲ್ಲಿ ಇರುವಂತೆಯೇ ಇರಬೇಕು. ನಮ್ಮವರ ಹೆಸರನ್ನು ಮಲಯಾಳದ ಉಚ್ಚಾರಕ್ಕೆ ಹೊಂದಿಸಿ ಬರೆದಿರುತ್ತಾರೆ, ಅಲ್ಲೇ ಅರ್ಜಿ ಬಿದ್ದುಹೋಗುತ್ತದೆ. ರಿಮಾಂಡ್ ಆದೇಶದ ಪ್ರತಿಯಲ್ಲಿರುವ ಕಾಗುಣಿತವನ್ನೇ ಹಾಕಿ.

ಶಿಕ್ಷೆಯಾದವನನ್ನು ಮನೆಗೆ ಹತ್ತಿರದ ಇನ್ನೊಂದು ರಾಜ್ಯದ ಜೈಲಿಗೆ ಕಳಿಸಲು 1950ರ ಕೈದಿಗಳ ವರ್ಗಾವಣೆ ಕಾಯ್ದೆಯ 3ನೇ ಕಲಂ ಇದೆ. ಎರಡೂ ಸರ್ಕಾರ ಒಪ್ಪಬೇಕು, ಆದ್ದರಿಂದ ತಾಯಿ ತಂದೆಯ ವಯಸ್ಸು, ಕಾಯಿಲೆಯ ದಾಖಲೆ, ಮನೆಯಿಂದ ಎರಡು ಜೈಲುಗಳಿಗೂ ಇರುವ ದೂರ ಸೇರಿಸಿ ಎರಡೂ ಕಡೆಯ ಗೃಹ ಇಲಾಖೆಗೆ ಬರೆಯಿರಿ. ಪೆರೋಲಿಗೆ ಕೇಳುವಾಗ ಉಳಿಯುವ ವಿಳಾಸ ಗಡಿಯಾಚೆಯದಾದರೆ ಅಲ್ಲಿಯ ಪೊಲೀಸ್ ವರದಿ ಬರುವುದು ತಡ. ಜಿಲ್ಲೆಯೊಳಗೆ ಒಬ್ಬ ಹತ್ತಿರದ ಬಂಧುವಿನ ಮನೆ ಇದ್ದರೆ, ಅವರು ಒಪ್ಪಿದರೆ, ಆ ವಿಳಾಸ ಕೊಡಿ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಈ ಪ್ರದೇಶದ ಕನ್ನಡಿಗರಿಗೆ ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆದರೆ ಜೈಲಿನಲ್ಲಿ ಓದುವ ಸಿಬ್ಬಂದಿಗೆ ಕನ್ನಡ ಬಾರದಿದ್ದರೆ ಅರ್ಜಿ ಮೂಲೆಗೆ ಬೀಳುತ್ತದೆ. ಜತೆಗೆ ಒಂದು ಮಲಯಾಳ ಪ್ರತಿ ಲಗತ್ತಿಸಿ. ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರಲ್ಲಿ ಎರಡೂ ಭಾಷೆ ಬಲ್ಲವರು ಇರುತ್ತಾರೆ, ಅನುವಾದ ಅವರಿಂದಲೇ ಮಾಡಿಸಿಕೊಳ್ಳಿ. ನಿಮ್ಮ ಗ್ರಂಥಾಲಯದಲ್ಲಿ ಎರಡು ಭಾಷೆ ಬರೆಯಬಲ್ಲ ನಾಲ್ಕು ಮಂದಿ ಇದ್ದರೆ ಅವರ ಹೆಸರನ್ನು ಪ್ರಾಧಿಕಾರದಲ್ಲಿ ಸ್ವಯಂಸೇವಕರಾಗಿ ಕೊಡಿ.